ಪ್ರಮಾಣವಚನದ ಮರುದಿನ ಶಾಲಾ ಸಂಸತ್ತಿಗೆ ಏನು ಕೆಲಸ?

ಸಂಪಾದಕರಿಗೆ,

ಮಾನ್ಯರೇ,

ಶಾಲೆಗಳು ಆರಂಭವಾಗುತ್ತಿದ್ದಂತೆ ನಮ್ಮಲ್ಲಿ ಶಾಲಾ ಸಂಸತ್ತಿನ ಚುನಾವಣೆಗಳು ನಡೆಯುತ್ತವೆ. ನಾಮಪತ್ರ ಸಲ್ಲಿಕೆಯಿಂದ ಹಿಡಿದು ಮೊಬೈಲ್ ಆ್ಯಪ್‌ನಲ್ಲಿ ಮತದಾನ, ಬೆರಳಿಗೆ ಶಾಯಿ, ಮತ ಎಣಿಕೆ ಮತ್ತು ಪ್ರಮಾಣವಚನದವರೆಗೆ ಎಲ್ಲವೂ ಅಚ್ಚುಕಟ್ಟಾಗಿ ಆಗುತ್ತದೆ. ಆದರೆ ಆಯ್ಕೆಯಾದ ಮಂತ್ರಿಗಳ ಪೈಕಿ ಹೆಚ್ಚಿನವರಿಗೆ ಮರುದಿನದಿಂದ ಪ್ರಾರ್ಥನೆಯ ಸಾಲು ನೇರ ಮಾಡುವುದು, ಗಲಾಟೆ ಮಾಡಿದವರ ಹೆಸರು ಬರೆಯುವುದು, ಅತಿಥಿಗಳಿಗೆ ಹೂವು ಕೊಡುವುದು, ಇಷ್ಟೇ ಕೆಲಸ. ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಬಹುಕಾಲ ಪಾಠ ಮಾಡಿ ನಿವೃತ್ತಳಾದ ನಾನು ಇಂತಹ ಹಲವು ಚುನಾವಣೆಗಳನ್ನು ನಡೆಸಿದ್ದೇನೆ. ಚುನಾವಣೆ ಮುಗಿದರೆ ಜವಾಬ್ದಾರಿ ಮುಗಿಯಿತೆಂದು ನಾನೂ ಕೆಲವು ವರ್ಷ ಭಾವಿಸಿದ್ದೆ. ಅದು ತಪ್ಪೆಂದು ನನಗೆ ತೋರಿಸಿಕೊಟ್ಟವಳು ಆಹಾರ ಮಂತ್ರಿಯಾಗಿದ್ದ ಏಳನೇ ತರಗತಿಯ ಒಬ್ಬ ಹುಡುಗಿ.

ಆಕೆ ಹೆಚ್ಚು ಮಾತನಾಡುವವಳಲ್ಲ. ಬಿಸಿಯೂಟದಲ್ಲಿ ಆರರಿಂದ ಎಂಟನೇ ತರಗತಿಯ ಪ್ರತಿ ಮಗುವಿಗೆ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ ಎಂಬ ಲೆಕ್ಕವಿದೆ. ಒಂದರಿಂದ ಐದರವರೆಗಿನವರಿಗೆ ಅದು 100, 20 ಮತ್ತು 50 ಗ್ರಾಂ. ಬೆಳಿಗ್ಗೆ ಹಾಜರಾತಿ ಆದ ಕೂಡಲೇ ತರಗತಿವಾರು ಸಂಖ್ಯೆ ತಂದು, ಅಡುಗೆಯವರ ಜೊತೆ ನಿಂತು ಅಕ್ಕಿ ತೂಗಿಸಿ, ಊಟದ ನಂತರ ಉಳಿದ ಅನ್ನವನ್ನೂ ಬರೆದಿಡುವ ಕೆಲಸವನ್ನು ಅವಳಿಗೆ ಒಪ್ಪಿಸಿದೆ. ಒಂದು ತಿಂಗಳಾಗುವಷ್ಟರಲ್ಲಿ, ಚಿಕ್ಕ ತರಗತಿಯ ಮಕ್ಕಳು ಯಾವ ದಿನಗಳಲ್ಲಿ ಅನ್ನ ಬಿಡುತ್ತಾರೆ ಎಂಬುದನ್ನು ಅವಳೇ ಗುರುತಿಸಿದಳು. ಸಾರು ಖಾರವಾದ ದಿನಗಳವು. ಅದನ್ನು ಅಡುಗೆಯ ಅಕ್ಕನಿಗೆ ನೋವಾಗದಂತೆ ಹೇಗೆ ಹೇಳುವುದೆಂದು ಎರಡು ದಿನ ಯೋಚಿಸಿ, ತಾನು ಬರೆದಿಟ್ಟ ಲೆಕ್ಕದ ಪುಸ್ತಕವನ್ನು ತೋರಿಸಿಯೇ ಹೇಳಿದಳು. ಖಾರ ಕಡಿಮೆಯಾಯಿತು. ಯಾವ ಭಾಷಣ ಸ್ಪರ್ಧೆಯೂ ಆ ಮಗುವಿಗೆ ಇದನ್ನು ಕಲಿಸುತ್ತಿರಲಿಲ್ಲ.

ಉಳಿದ ಖಾತೆಗಳಿಗೂ ಹೀಗೆಯೇ ಅಳೆಯಬಹುದಾದ, ಉತ್ತರ ಹೇಳಬೇಕಾದ ಕೆಲಸ ಬೇಕು. ಶನಿವಾರದ ಒಂದು ಅವಧಿಯನ್ನು ಸಂಸತ್ತಿನ ಪ್ರಶ್ನೋತ್ತರಕ್ಕೆ ಮೀಸಲಿಡಬಹುದು. ಪ್ರಶ್ನೆಗಳು ಚೀಟಿಯಲ್ಲಿ ಬರಲಿ, ಮಂತ್ರಿ ಮುಂದಿನ ಶನಿವಾರದೊಳಗೆ ಉತ್ತರಿಸಲಿ, ಸಭಾಧ್ಯಕ್ಷ ಸ್ಥಾನ ಸರದಿಯಂತೆ ಬದಲಾಗಲಿ, ನಡಾವಳಿಯನ್ನು ಮಕ್ಕಳೇ ಬರೆಯಲಿ. ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರೇಕಿಲ್ಲ ಎಂಬ ಪ್ರಶ್ನೆ ಬಂದಾಗ ಮುಖ್ಯ ಶಿಕ್ಷಕರು ಬೇಸರಿಸಿಕೊಳ್ಳಬಾರದು.

ಇವೆಲ್ಲಕ್ಕಿಂತ ಮುಖ್ಯವಾದುದು, ಮಕ್ಕಳು ತಮ್ಮ ಬೇಡಿಕೆಗಳನ್ನು ಗ್ರಾಮ ಪಂಚಾಯಿತಿಯ ಮುಂದಿಡುವ ಮಕ್ಕಳ ಗ್ರಾಮಸಭೆ. ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಕ್ಕಳಿಗಿದೆ ಎಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ, 1992ರಲ್ಲಿ ಭಾರತವೂ ಅದನ್ನು ಒಪ್ಪಿದೆ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳು ಈ ಸಭೆಯನ್ನು ನಡೆಸುತ್ತಿರುವುದು ಹೆಮ್ಮೆಯ ಸಂಗತಿ. ಆದರೆ ನಾನು ಹೋದ ಒಂದು ಸಭೆಯಲ್ಲಿ ಶಿಕ್ಷಕರು ಬರೆದುಕೊಟ್ಟ ಚೀಟಿಯನ್ನು ಮಕ್ಕಳು ಓದಿ ಕುಳಿತರು. ‘ನಮ್ಮ ಶಾಲೆಗೆ ನೀರು ಬೇಕು’ ಎಂಬ ಒಂದು ಸಾಲಿಗೆ ‘ಮಾಡೋಣ’ ಎಂಬ ಒಂದೇ ಉತ್ತರ ಬಂದಿತು. ಅದರ ಬದಲು, ಕಳೆದ ತಿಂಗಳಲ್ಲಿ ಎಷ್ಟು ದಿನ ನಲ್ಲಿಯಲ್ಲಿ ನೀರು ಬರಲಿಲ್ಲ, ಆ ದಿನಗಳಲ್ಲಿ ಯಾರು ಎಲ್ಲಿಂದ ಹೊತ್ತು ತಂದರು, ಅದರಿಂದ ಯಾವ ಪಾಠ ತಪ್ಪಿತು ಎಂಬುದನ್ನು ಸಂಸತ್ತಿನ ಮಕ್ಕಳೇ ದಾಖಲಿಸಿ ಮುಂದಿಟ್ಟರೆ ಪಂಚಾಯಿತಿಯೂ ಲೆಕ್ಕದಲ್ಲಿಯೇ ಉತ್ತರಿಸಬೇಕಾಗುತ್ತದೆ.

ಪಟ್ಟ ಯಾವಾಗಲೂ ಚುರುಕಾಗಿ ಮಾತನಾಡುವ ನಾಲ್ಕೈದು ಮಕ್ಕಳಿಗೇ ಹೋಗುವುದನ್ನೂ ನೋಡಿದ್ದೇನೆ. ಪ್ರತಿ ಖಾತೆಗೆ ಬೇರೆ ಬೇರೆ ತರಗತಿಯ ಇಬ್ಬರು ಸಹಾಯಕರನ್ನು ಸೇರಿಸಿದರೆ ಮುಂದಿನ ವರ್ಷಕ್ಕೆ ಕೆಲಸ ಬಲ್ಲವರು ಶಾಲೆಯಲ್ಲಿಯೇ ಉಳಿಯುತ್ತಾರೆ.

ಶಾಲಾ ಶಿಕ್ಷಣ ಇಲಾಖೆ ಮತ್ತು ಪಂಚಾಯತ್ ರಾಜ್ ಇಲಾಖೆಗಳಲ್ಲಿ ನನ್ನದೊಂದು ವಿನಂತಿ. ಹಿಂದಿನ ಮಕ್ಕಳ ಗ್ರಾಮಸಭೆಯ ಬೇಡಿಕೆಗಳಲ್ಲಿ ಯಾವುದು ಆಯಿತು, ಯಾವುದು ಆಗಲಿಲ್ಲ, ಏಕೆ ಆಗಲಿಲ್ಲ ಎಂಬ ಅನುಪಾಲನಾ ವರದಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಈ ವರ್ಷದ ಸಭೆಗೆ ಹದಿನೈದು ದಿನ ಮೊದಲೇ ಪ್ರತಿ ಶಾಲಾ ಸಂಸತ್ತಿನ ಕೈಗೆ ಲಿಖಿತವಾಗಿ ತಲುಪಿಸುವಂತೆ ಆದೇಶಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ, ಶಿವಮೊಗ್ಗ ಜಿಲ್ಲೆ