ಟ್ಯಾಂಕರ್ ನೀರಿಗೆ ದರ ಕಟ್ಟಿದರೆ ಸಾಲದು

ಮಾನ್ಯ ಸಂಪಾದಕರೇ,

ಟ್ಯಾಂಕರ್ ನೀರಿನ ದರಕ್ಕೆ ಸರ್ಕಾರ ಕೈ ಹಾಕಬಾರದು, ಮಾರುಕಟ್ಟೆಯೇ ಎಲ್ಲ ಸರಿ ಮಾಡುತ್ತದೆ ಎನ್ನುವವರು ನಮ್ಮ ಬೀದಿಯಲ್ಲೂ ಇದ್ದಾರೆ. ಟೊಮೆಟೊ ವಿಷಯದಲ್ಲಾದರೆ ನಾನೂ ಒಪ್ಪುತ್ತೇನೆ. 2023ರ ಜುಲೈನಲ್ಲಿ ಕೆ.ಜಿ.ಗೆ ನೂರು ರೂಪಾಯಿ ದಾಟಿದಾಗ ಮನೆಯಲ್ಲಿ ಹುಣಸೆಹಣ್ಣು ಕಿವುಚಿ ಸಾರು ಮಾಡಿಕೊಂಡೆವು. ಕೋಲಾರದ ರೈತರಿಗೂ ನಾಲ್ಕು ಕಾಸು ಸಿಕ್ಕಿತು. ಆಮೇಲೆ ಬೆಲೆ ತಾನೇ ಇಳಿಯಿತು. ಆದರೆ ನೀರಿನ ಬದಲಿಗೆ ಏನು ಹಾಕೋಣ?

2024ರ ಮಾರ್ಚ್‌ನಲ್ಲಿ ನಮ್ಮ ಬೋರು ಬತ್ತಿತು. ಸಂಪಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ತಳದ ಕೆಸರು ಕಾಣುತ್ತಿತ್ತು. ಅದೇ ತಿಂಗಳು ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ಕಟ್ಟಿತು. 12 ಸಾವಿರ ಲೀಟರಿಗೆ 5 ಕಿ.ಮೀ. ಒಳಗಾದರೆ 1,000 ರೂಪಾಯಿ, 10 ಕಿ.ಮೀ. ತನಕ 1,200. ಟ್ಯಾಂಕರಿನವರಿಗೆ ಆ ದರ ಹೇಳಿದೆ. "ಆ ರೇಟಿಗೆ ಬೇಕಾದ್ರೆ ಅವರ ಹತ್ರನೇ ತರಿಸ್ಕೊಳ್ಳಿ ಅಮ್ಮ" ಎಂದು ಫೋನ್ ಇಟ್ಟರು. ಕೊನೆಗೆ ರಾತ್ರಿ ಹನ್ನೊಂದೂವರೆಗೆ ಲೋಡ್ ಬಂತು, ಎರಡು ಸಾವಿರಕ್ಕೆ. ಬಿಲ್ ಇಲ್ಲ. ಪೈಪ್ ಕಳಚುವಾಗ ನೀರು ರಸ್ತೆಗೆ ಹರಿಯಿತು. ಮೇಲಿನ ಮನೆ ಹುಡುಗಿ ಓಡಿ ಬಂದು ಅದಕ್ಕೂ ಬಕೆಟ್ ಹಿಡಿದಳು.

ಹಾಗಂತ ದರ ಕಟ್ಟಿದ್ದೇ ತಪ್ಪು ಎನ್ನಲಾರೆ. ಟ್ಯಾಂಕರಿನವರು ಮಾರುವ ನೀರು ಯಾರದು? ನೆಲದಡಿಯ ನೀರಿಗೆ ಕಾಂಪೌಂಡ್ ಇಲ್ಲ. ಒಬ್ಬರು ಆಳಕ್ಕೆ ಕೊರೆಸಿ ದಿನವಿಡೀ ಎತ್ತಿದರೆ ಸುತ್ತಲಿನ ಬೋರುಗಳು ಒಣಗುತ್ತವೆ. ಆ ನಷ್ಟ ಯಾವ ಲೋಡಿನ ಬೆಲೆಯಲ್ಲೂ ಸೇರಿಲ್ಲ. ಕೇಳಬೇಕಾದವರು ಸರ್ಕಾರದವರೇ ಅಲ್ವಾ?

ಆದರೆ ಸುಮ್ನೆ ಆದೇಶ ಹೊರಡಿಸಿದರೆ ಸಂಪು ತುಂಬುವುದಿಲ್ಲ. ಹಾಲನ್ನೇ ನೋಡಿ. ಖಾಸಗಿ ಡೇರಿಗಳು ಮನಬಂದಂತೆ ಬೆಲೆ ಏರಿಸದಂತೆ ಹಿಡಿದಿಟ್ಟಿರುವುದು ಬೀದಿ ಬೀದಿಯ ನಂದಿನಿ ಬೂತ್. ಅದರ ಹಿಂದೆ ರೈತರ ಸಹಕಾರ ಸಂಘಗಳಿವೆ, ಸರ್ಕಾರ ರೈತರಿಗೆ ಲೀಟರಿಗಿಷ್ಟು ಎಂದು ಕೊಡುವ ಪ್ರೋತ್ಸಾಹಧನವಿದೆ. ಖಾಸಗಿಯವರೂ ಪಕ್ಕದಲ್ಲೇ ವ್ಯಾಪಾರ ಮಾಡುತ್ತಿದ್ದಾರೆ, ಯಾರೂ ತಡೆದಿಲ್ಲ.

ನೀರಿಗೂ ಇಂಥದ್ದೇ ಬೇಕು. 2007ರಲ್ಲಿ ನಗರಕ್ಕೆ ಸೇರಿದ ನಮ್ಮಂಥ 110 ಹಳ್ಳಿಗಳಿಗೆಂದು ಕಾವೇರಿ ಕುಡಿಯುವ ನೀರಿನ ಯೋಜನೆಯ 5ನೇ ಹಂತ ಶುರುವಾದದ್ದು 2024ರ ಅಕ್ಟೋಬರ್‌ನಲ್ಲಿ. ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ. 2025ರಲ್ಲಿ ಜಲಮಂಡಳಿಯ ಸಂಚಾರಿ ಕಾವೇರಿ ಟ್ಯಾಂಕರ್‌ಗಳೂ ಬಂದವು. ಬೇಸಿಗೆ ಬರುವ ಮುಂಚೆಯೇ ಈ ಟ್ಯಾಂಕರ್‌ಗಳನ್ನು ಜಾಸ್ತಿ ಮಾಡಿ, ಪೈಪ್ ಬರದ ಅಡ್ಡರಸ್ತೆಗಳಿಗೆ ಮೊದಲು ಕಳಿಸಬೇಕು. ನಮ್ಮಲ್ಲಿ ಪೈಪ್ ಮೂರು ಮನೆ ಆಚೆಗೇ ನಿಂತಿದೆ.

— ಒಬ್ಬ ಗೃಹಿಣಿ, ಮಹದೇವಪುರ, ಬೆಂಗಳೂರು