ಡಬ್ಲಿನ್‌ನಲ್ಲಿ ಪಶುವೈದ್ಯಕೀಯ ಓದುತ್ತಿರುವ ತಮ್ಮನ ಮಗಳಿಗೆ

ಚಿ. ಮೇಧಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕಿಲ್ಡೇರಿನ ಕುದುರೆ ಸಾಕಣೆ ಕೇಂದ್ರವಾದ ಐರಿಶ್ ನ್ಯಾಷನಲ್ ಸ್ಟಡ್‌ನಲ್ಲಿ ಆರ್ಕಲ್ ಎಂಬ ಪಂದ್ಯದ ಕುದುರೆಯ ಅಸ್ಥಿಪಂಜರದ ಮುಂದೆ ನಿಂತು ನೀನು ಕೇಳಿಕೊಂಡ ಪ್ರಶ್ನೆ ನನ್ನ ಮನಸ್ಸನ್ನು ಕಲಕಿತು. ಇಂಥ ಕುದುರೆಗೂ ಕೊನೆಗೆ ದಯಾಮರಣ ಕೊಡಬೇಕಾಯಿತು, ನಾಳೆ ಆ ಕೆಲಸ ನನ್ನ ಪಾಲಿಗೆ ಬಂದರೆ ಕೈ ನಡುಗೀತೇ ಎಂದು ಬರೆದಿದ್ದೀಯೆ.

1964, 1965, 1966ರಲ್ಲಿ ಸತತವಾಗಿ ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್ ಎಂಬ ದೊಡ್ಡ ಓಟದ ಪಂದ್ಯ ಗೆದ್ದ ಆ ಕುದುರೆ, 1966ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಕೆಂಪ್ಟನ್‌ನ ಪಂದ್ಯದಲ್ಲಿ ಗೊರಸಿನೊಳಗಿನ ಮೂಳೆ ಮುರಿದುಕೊಂಡೂ ಓಡಿ, ಒಂದೇ ಕುದುರೆಯುದ್ದದ ಅಂತರದಲ್ಲಿ ಎರಡನೆಯದಾಯಿತು. ಕುದುರೆ ನಮ್ಮಂತೆ ತಿಂಗಳುಗಟ್ಟಲೆ ಮಲಗಿರಲಾರದು. ನೋವಿನ ಕಾಲನ್ನು ಎತ್ತಿಹಿಡಿದರೆ ಭಾರವೆಲ್ಲ ಉಳಿದ ಕಾಲುಗಳಿಗೆ ಬಿದ್ದು ಅವೂ ಕೆಡುತ್ತವೆ. ಆದರೂ ಪ್ಲಾಸ್ಟರ್ ಹಾಕಿ ಅದನ್ನು ಉಳಿಸಿಕೊಂಡರು. ಮತ್ತೆಂದೂ ಓಡದ ಕುದುರೆಯನ್ನು ಒಡತಿ ಸಾಕಿದಳು. ಕೀಲುನೋವು ಉಲ್ಬಣಿಸಿದ ಮೇಲೆಯೇ, 1970ರ ಮೇ ತಿಂಗಳಲ್ಲಿ, ಅದರ ಹದಿಮೂರನೆಯ ವಯಸ್ಸಿನಲ್ಲಿ ಆ ನಿರ್ಧಾರವಾಯಿತು. ನೀನು ಕೊನೆಯ ದಿನವೊಂದನ್ನೇ ನೋಡಿ ಹೆದರಿದ್ದೀಯೆ. ನನಗೆ ಅದರ ಹಿಂದಿನ ಮೂರು ವರ್ಷಗಳೂ ವೈದ್ಯರ ಕೆಲಸವೇ ಎನ್ನಿಸುತ್ತದೆ.

ತಿಪಟೂರಿನ ಕಡೆ ಕೆಲಸದಲ್ಲಿದ್ದಾಗ ತೊಡೆಯ ಮೂಳೆ ಪುಡಿಯಾಗಿದ್ದ ಎತ್ತೊಂದಕ್ಕೆ ನಾನೇ ಆ ಸೂಜಿ ಹಾಕಬೇಕಾಯಿತು. ಅದಕ್ಕೆ ಮೊದಲು ಮೂಗುದಾರ ಬಿಚ್ಚಬೇಕೆಂದು ಕುಳಿತ ರೈತನಿಗೆ ಎಣ್ಣೆ, ಜೊಲ್ಲು ಹಿಡಿದು ಗಟ್ಟಿಯಾಗಿದ್ದ ಗಂಟು ಬಿಡಲಿಲ್ಲ. ಕುಡುಗೋಲು ತರಿಸಿ ಕೊಯ್ದ. ಅವನ ಕೈಯೂ ನಡುಗುತ್ತಿತ್ತು, ನನ್ನದೂ ನಡುಗುತ್ತಿತ್ತು. ರಾತ್ರಿ ಊಟ ಸೇರಲಿಲ್ಲ. ಏನಾಯಿತೆಂದು ನಿನ್ನ ದೊಡ್ಡಮ್ಮ ಕೇಳಿದರೆ ಬಿಸಿಲು ಜಾಸ್ತಿಯಾಯಿತು ಎಂದುಬಿಟ್ಟೆ. ಅವಳು ಬದುಕಿದ್ದಾಗಲೇ ಹೇಳಿಕೊಂಡಿದ್ದರೆ ಇಷ್ಟು ಕಾಲ ಒಬ್ಬನೇ ಹೊರಬೇಕಾಗುತ್ತಿರಲಿಲ್ಲವೇನೋ. ನೀನು ಪತ್ರದಲ್ಲಾದರೂ ಬರೆದೆಯಲ್ಲ, ಅಷ್ಟು ನನಗೆ ಸಮಾಧಾನ.

ಅಲ್ಲಿಯ ಪದ್ಧತಿಗಳನ್ನು ಬಲ್ಲವನಲ್ಲ, ಆದ್ದರಿಂದ ಬುದ್ಧಿ ಹೇಳಲು ಸಂಕೋಚವಾಗುತ್ತದೆ. ಮೊದಲ ಸಲ ಹಿರಿಯರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊ. ಸಾಕಿದವರು ಜೊತೆಗಿರಬೇಕೆಂದರೆ, ಕುದುರೆ ಕುಸಿಯುವಾಗ ಮೇಲೆ ಬೀಳದಷ್ಟು ದೂರದಲ್ಲಿ ಅವರಿಗೆ ಜಾಗ ತೋರಿಸು. ಕೈ ನಡುಗೀತೇ ಎಂದೆಯಲ್ಲ, ನಡುಗೀತು. ಆದ್ದರಿಂದ ಔಷಧಿಯ ಅಳತೆಯನ್ನು ಲಾಯಕ್ಕೆ ಹೋಗುವ ಮೊದಲೇ ಇನ್ನೊಬ್ಬರಿಗೆ ತೋರಿಸಿ ಸಿರಿಂಜಿಗೆ ತುಂಬಿಕೊ.

ಇಂತು,
ನಿನ್ನ ದೊಡ್ಡಪ್ಪ