ಮನೆ ಬುಕಿಂಗ್ ಬದಲಾಗಿದೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಆತ್ಮೀಯರೇ,

ವಿದೇಶ ಪ್ರವಾಸದಲ್ಲಿ ಹೋಟೆಲ್ ಬದಲು ಕೆಲವು ದಿನಕ್ಕೆ ಬಾಡಿಗೆಗೆ ಹಿಡಿಯುವ ಮನೆಗಳ ವಿಷಯ ಇದು. ಇಂಥ ಮನೆಗಳಿಗೆ ನೋಂದಣಿ ಕಡ್ಡಾಯವಿರುವ ಊರುಗಳಲ್ಲಿ, ನೋಂದಣಿ ಸಂಖ್ಯೆ ತೋರಿಸದ ಮನೆಗಳನ್ನು ನಾವಿನ್ನು ಬುಕ್ ಮಾಡಿಕೊಡುವುದಿಲ್ಲ. ಜೊತೆಗೆ, ಹೊರಡುವವರೆಲ್ಲರ ಹೆಸರು, ಪಾಸ್‌ಪೋರ್ಟ್ ವಿವರ ಮುಂಗಡ ಕೊಡುವಾಗಲೇ ಬೇಕು. ಇದನ್ನು ರಜೆ ಶುರುವಾಗುವ ಮೊದಲೇ ಹೇಳಬೇಕಿತ್ತು. ತಡವಾಯಿತು, ಕ್ಷಮಿಸಿ.

ಫೋನ್ ಮಾಡಿದವರೆಲ್ಲ ಕೇಳುವುದು ಒಂದೇ: "ಹಿಂದೆ ನ್ಯೂಯಾರ್ಕ್‌ನಲ್ಲಿ ಐದು ಜನಕ್ಕೆ ಇಡೀ ಮನೆ ಕೊಡಿಸಿದ್ರಿ, ಈಗ ಹೋಟೆಲ್ ಅಂತೀರಿ. ಕಮಿಷನ್ ಜಾಸ್ತಿ ಬರುತ್ತಾ?"

ಈ ಮಾತು ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಅಲ್ಲಿ 2023ರ ಸೆಪ್ಟೆಂಬರ್‌ನಿಂದ ಕಾನೂನು ಬಿಗಿಯಾಗಿದೆ. 30 ದಿನಕ್ಕಿಂತ ಕಡಿಮೆ ಅವಧಿಗೆ ಮನೆ ಕೊಡುವವರು ನಗರಾಡಳಿತದಲ್ಲಿ ನೋಂದಾಯಿಸಿಕೊಳ್ಳಬೇಕು, ಅತಿಥಿಗಳಿರುವಷ್ಟು ದಿನವೂ ತಾವು ಅದೇ ಮನೆಯಲ್ಲಿರಬೇಕು, ಅತಿಥಿಗಳು ಇಬ್ಬರನ್ನು ಮೀರಬಾರದು. ಒಳಗಿನ ಕೋಣೆಗೆ ಬೀಗ ಹಾಕಿಕೊಳ್ಳುವ ಹಾಗೂ ಇಲ್ಲ. ಗಂಡ, ಹೆಂಡತಿ, ಎರಡು ಮಕ್ಕಳು, ಜೊತೆಗೆ ಅಜ್ಜಿ. ಇವರನ್ನು ಯಾವ ಮನೆಗೆ ಕಳಿಸಲಿ, ನೀವೇ ಹೇಳಿ. ಕದ್ದುಮುಚ್ಚಿ ಕೊಡುವವರು ಈಗಲೂ ಇದ್ದಾರೆ. ಒಬ್ಬರಂತೂ "ಯಾರಾದರೂ ವಿಚಾರಿಸಿದರೆ ನಮ್ಮ ನೆಂಟರು ಅನ್ನಲಿ" ಎಂದು ಮೆಸೇಜ್ ಹಾಕಿದ್ದರು. ಆ ಅಜ್ಜಿಯ ಬಾಯಲ್ಲಿ ಸುಳ್ಳು ಹೇಳಿಸಿ ಬುಕಿಂಗ್ ಉಳಿಸಿಕೊಳ್ಳುವ ಗತಿ ನಮಗಿನ್ನೂ ಬಂದಿಲ್ಲ.

ಪ್ಯಾರಿಸ್‌ನಲ್ಲಿ ಸ್ವಂತ ವಾಸದ ಮನೆಯನ್ನು ಪ್ರವಾಸಿಗರಿಗೆ ಕೊಡುವ ಮಿತಿ 2025ರಿಂದ ವರ್ಷಕ್ಕೆ 120 ದಿನದಿಂದ 90ಕ್ಕೆ ಇಳಿದಿದೆ. ನಿಮಗೆ ಹಿಡಿಸಿದ ಮನೆ ಖಾಲಿಯೇ ಇದ್ದರೂ ಸಿಗದಿರುವುದು ಇದಕ್ಕೇ. ಜಪಾನಿನಲ್ಲಿ 2018ರಲ್ಲಿ ಜಾರಿಗೆ ಬಂದ ಕಾನೂನಿನಡಿ ಪ್ರವಾಸಿಗರಿಗೆ ಕೊಡುವ ಮನೆಗಳಿಗೆ ಮಿತಿ ವರ್ಷಕ್ಕೆ 180 ದಿನ. ಅಲ್ಲಿ ವಿಳಾಸವಿಲ್ಲದ ವಿದೇಶಿಯರ ಪಾಸ್‌ಪೋರ್ಟ್ ಪ್ರತಿಯನ್ನು ಮನೆಯವರು ಇಟ್ಟುಕೊಳ್ಳಲೇಬೇಕು. ಅದನ್ನು ಕೇಳಿದ್ದಕ್ಕೆ ನಮ್ಮ ಆಫೀಸಿನ ಹುಡುಗಿಯ ಮೇಲೆ ರೇಗಿದವರಿದ್ದಾರೆ.

ಇನ್ನು ಬಿಲ್ಲಿನ ವಿಷಯ. ಆಮ್‌ಸ್ಟರ್‌ಡ್ಯಾಮ್‌ನ ಬಿಲ್‌ನಲ್ಲಿ ಕಾಣುವ 12.5% ಪ್ರವಾಸಿ ತೆರಿಗೆ ಆ ಊರಿನ ಆಡಳಿತಕ್ಕೆ ಹೋಗುತ್ತದೆ, ನಮಗೆ ಅದರಲ್ಲಿ ಬಿಡಿಗಾಸೂ ಇಲ್ಲ. ಪಟ್ಟಿಯಿಂದ ಕೈಬಿಟ್ಟ ಮನೆಗಳಿಗೆ ನಾವು ಕಟ್ಟಿದ ಮುಂಗಡದಲ್ಲಿ ಕೆಲವಂತೂ ವಾಪಸ್ ಬರಲೇ ಇಲ್ಲ. ನಿಮಗೆ ಮಾತ್ರ ಪೂರ್ತಿ ಹಿಂತಿರುಗಿಸಿದ್ದೇವೆ. ಬ್ಯಾಂಕ್ ಶುಲ್ಕ, ವಿನಿಮಯ ದರದ ಏರುಪೇರು ಎಲ್ಲ ನಮ್ಮ ತಲೆಗೇ. ಇಷ್ಟಾದರೂ "ದುಡ್ಡು ಮಾಡ್ತಿದ್ದಾರೆ" ಅನ್ನಿಸಿಕೊಂಡೆವು, ಇರಲಿ.

ಈಗಾಗಲೇ ಬುಕ್ ಮಾಡಿರುವವರ ಮನೆಗಳನ್ನು ಒಂದೊಂದಾಗಿ ಪರಿಶೀಲಿಸುತ್ತಿದ್ದೇವೆ. ತೊಡಕಿರುವ ಕಡೆ ನಾವೇ ಫೋನ್ ಮಾಡುತ್ತೇವೆ. ಅಷ್ಟರೊಳಗೆ ಅನುಮಾನ ಬಂದರೆ ಹಳೆಯ ನಂಬರಿಗೇ ಮಾಡಿ. ರಾತ್ರಿ ಹತ್ತಾದರೂ ಸರಿ, ನಾನೇ ಎತ್ತುತ್ತೇನೆ.

ಇಂತಿ,
ನಿಮ್ಮ ಪ್ರವಾಸ ಸಂಸ್ಥೆಯ ಪರವಾಗಿ